ಗುನಿಲ್ಲಾ ಅವರ ಬೋನ್ ಚೈನಾ

ಸ್ಯಾಂಡ್‌ವಿಕೆನ್
ಸ್ವೀಡನ್, ೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಮಾವನವರಿಗೆ, ಶಾರದಾಳ ನಮಸ್ಕಾರ.

ಮಂಡಿನೋವು ಹೇಗಿದೆ? ದಾವಣಗೆರೆಯ ಬಿಸಿಲಿಗೆ ತಾನಾಗಿ ಸಡಿಲವಾಗುತ್ತೆ ಅಂದಿದ್ದಿರಿ. ಶೋಭನಾ ಅಕ್ಕ ಬೇರೆಯೇ ಹೇಳುತ್ತಾರೆ. ನಾವು ಆರಾಮ. ಬದರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಹೊಸ ಪ್ರಾಜೆಕ್ಟು, ಮನೆಗೆ ಬರುವುದು ತಡ. ಶ್ರಾವಣಿ ಶಿಶುವಿಹಾರದಿಂದ, ಅದೇ ಅವಳ ಡಾಗಿಸ್‌ನಿಂದ, ಬಂದಮೇಲೆ ನಾನು ಏನು ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತಾಳೆ, ಆದರೆ ನಿಮ್ಮನ್ನು ಮಾತ್ರ ಇನ್ನೂ ‘ತಾತ’ ಅನ್ನುತ್ತಾಳೆ. ಫೋನ್ ಮಾಡೋಣವೆಂದರೆ ಅಕ್ಕ ಸ್ಪೀಕರ್ ಹಾಕಿ ಇಡೀ ಮನೆಗೆ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ. ಬದರಿಯ ಆಫೀಸಿನ ರೋಹನ್ ನಿಮ್ಮ ಊರಿನವನೇ, ನಾಳೆ ಹೊರಟಿದ್ದಾನೆ. ತಂದು ಕೈಗೇ ಕೊಡುತ್ತಾನೆ.

ನಿನ್ನೆ ಕೆಳಗಿನ ಮನೆಯ ಗುನಿಲ್ಲಾ ಬಂದಿದ್ದರು. ನೀವಿಲ್ಲಿದ್ದಾಗ ದಿನಾ ಮಧ್ಯಾಹ್ನ ಅವರ ಮನೆಗೆ ಚಹಾಕ್ಕೆ ಹೋಗುತ್ತಿದ್ದಿರಲ್ಲ, ಈ ಊರಿನಲ್ಲಿ ನಿಮ್ಮ ಇಂಗ್ಲಿಷ್‌ಗೆ ಸರಿಜೋಡಿ ಅಂತ ಸಿಕ್ಕಿದ್ದು ಅವರೊಬ್ಬರೇ. ಅವರ ಅಮ್ಮ ಇಂಗ್ಲೆಂಡಿನ ಸ್ಟೋಕ್‌ನಲ್ಲಿ, ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಕಪ್ಪಿನ ಅಂಚಿಗೆ ಬಂಗಾರದ ಗೆರೆ ಎಳೆಯುತ್ತಿದ್ದವರು. ಉಕ್ಕಿನ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ಸ್ಯಾಂಡ್‌ವಿಕೆನ್‌ನವರೊಬ್ಬರನ್ನು ಮದುವೆಯಾಗಿ ಬಂದಾಗ ಆ ಬೋನ್ ಚೈನಾ ಕಪ್ಪುಗಳ ಒಂದು ಸೆಟ್ಟನ್ನು ತಂದಿದ್ದರು. ನಿಮಗೆ ಚಹಾ ಕೊಡುತ್ತಿದ್ದದ್ದು ಅದರಲ್ಲೇ. ಸ್ಟೋಕ್‌ನ ಜನ ಯಾರ ಮನೆಗೆ ಹೋದರೂ ಮೊದಲು ತಟ್ಟೆ ತಿರುವಿ ಹಿಂದಿನ ಮುದ್ರೆ ನೋಡುತ್ತಾರೆ ಅಂತ ಗುನಿಲ್ಲಾ ಅವರಿಂದ ಕೇಳಿ ಬಂದವರು ನೀವು ನಮ್ಮ ಮನೆಯ ಒಂದು ಪಾತ್ರೆಯನ್ನೂ ಬಿಡಲಿಲ್ಲ. ಸ್ಪೋಡ್ ಕಂಪನಿಯ ಮುದ್ರೆ ಯಾವುದು, ವೆಡ್ಜ್‌ವುಡ್‌ನದು ಯಾವುದು ಅಂತ ಶ್ರಾವಣಿಗೆ ಪಾಠ ಬೇರೆ. ಅತ್ತೆ ಹೋದಮೇಲೆ ನೀವು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಬದರಿ, “ಅಪ್ಪಾ, ಬೋನ್ ಚೈನಾ ಅಂದ್ರೆ ನಿಜವಾಗ್ಲೂ ಬೋನೇ. ದನದ ಮೂಳೆ ಸುಟ್ಟ ಬೂದಿ ಅರ್ಧಕ್ಕರ್ಧ ಇರುತ್ತೆ” ಅಂದುಬಿಟ್ಟರು. ತಮಾಷೆಗೆ ಅಂದದ್ದು. ನೀವು ಕೈ ತೊಳೆದು ಎದ್ದಿರಿ. ಮರುದಿನದಿಂದ ಕೆಳಗೆ ಇಳಿಯಲಿಲ್ಲ. ಗುನಿಲ್ಲಾ ಬಂದು ಬಾಗಿಲು ತಟ್ಟಿದಾಗ ತಲೆನೋವು ಅಂತ ಹೇಳಿಕಳಿಸಿದಿರಿ. ಹೊರಡುವ ದಿನವೂ ಹೇಳಿಹೋಗಲಿಲ್ಲ. ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಲ್ಲ. ಎಂಟು ದಶಕದ ಮಡಿ ಒಂದು ಮಧ್ಯಾಹ್ನಕ್ಕೆ ಬಿಟ್ಟುಹೋಗುವಂಥದ್ದೂ ಅಲ್ಲ.

ನಿನ್ನೆ ಅವರು ನೇರವಾಗಿ ಕೇಳಿದರು: “ಹಯವದನ ಅವರಿಗೆ ನನ್ನಿಂದ ಏನಾದರೂ ಬೇಸರವಾಯಿತಾ?” ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅದಕ್ಕೆ ಅವರು, “ನನ್ನ ಹತ್ತಿರ ಇದ್ದದ್ದರಲ್ಲಿ ಅದೇ ಒಳ್ಳೆಯದು, ಅದಕ್ಕೇ ಅದರಲ್ಲಿ ಕೊಟ್ಟೆ. ಬಾಯಿಬಿಟ್ಟು ಹೇಳಿದ್ದರೆ ಗಾಜಿನ ಲೋಟದಲ್ಲಿ ಕೊಡುತ್ತಿದ್ದೆ” ಅಂದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ನೀವು ಬೇಡ ಅಂದದ್ದು ಕಪ್ಪನ್ನು ಅಂತ ಗೊತ್ತಿಲ್ಲದೆ, ತಮ್ಮನ್ನೇ ಬೇಡ ಅಂದಿರೇನೋ ಅಂತ ಬೇಸಿಗೆಯಿಡೀ ಅಂದುಕೊಂಡಿದ್ದರಂತೆ. ಇವತ್ತು ಬೆಳಿಗ್ಗೆ ಹಳೇ ಸಾಮಾನಿನ ಅಂಗಡಿಗೆ ಹೋಗಿ ಡೆನ್ಬಿ ಕಂಪನಿಯ ನೀಲಿ ಮಗ್ ಒಂದನ್ನು ತಂದು ತೋರಿಸಿದರು. ಅದೂ ಇಂಗ್ಲೆಂಡಿನದೇ, ಆದರೆ ಡರ್ಬಿಶೈರಿನ ಜೇಡಿಮಣ್ಣಿನದು, ಮೂಳೆಯ ಸಂಬಂಧವಿಲ್ಲ. ತಾವೇ ತಿರುವಿ ಮುದ್ರೆ ತೋರಿಸಿ, “ಇದು ನಿಮ್ಮ ಮಾವನದು, ನನ್ನ ಕಪಾಟಿನಲ್ಲೇ ಇರುತ್ತೆ” ಅಂದರು. ರೋಹನ್ ಕೈಲಿ ಕಳಿಸಲಾ ಅಂದರೆ ಒಪ್ಪಲಿಲ್ಲ.

ಇಷ್ಟೇ ಸಮಾಚಾರ. ಚಳಿ ಆಗಲೇ ಶುರುವಾಗಿದೆ, ನೀವು ಬಿಟ್ಟುಹೋದ ಸ್ವೆಟರನ್ನು ಬದರಿ ಹಾಕಿಕೊಂಡು ಓಡಾಡುತ್ತಿದ್ದಾರೆ. ಅಕ್ಕ, ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಶ್ರಾವಣಿಯ ತಲೆಯ ಮೇಲೆ ನಿಮ್ಮ ಆಶೀರ್ವಾದದ ಕೈ ಇರಲಿ.

ನಿಮ್ಮ ಸೊಸೆ,
ಶಾರದಾ

ಮರೆತ ಮಾತು: ಕವರು ಅಂಟಿಸುವ ಮುಂಚೆ ಇದನ್ನು ಬರೆದೇಬಿಡುತ್ತೇನೆ, ಗುನಿಲ್ಲಾ ಹೇಳಬೇಡ ಅಂದಿದ್ದರೂ. ಬರುವ ಗುರುವಾರ ಅವರಿಗೆ ಪಕ್ಕದ ಯೆವ್ಲೆ ಊರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್. ಬದುಕಿ ಬರುತ್ತೇನೋ ಇಲ್ಲವೋ ಅನ್ನುವುದನ್ನು ಹವಾಮಾನದ ಸುದ್ದಿಯ ಥರ ಹೇಳಿದರು. ಅವರ ಫೋನ್ ನಂಬರು ಕವರಿನ ಹಿಂದೆ ಇದೆ. ನಿಧಾನಕ್ಕೆ ಎದ್ದುಬಂದು ಎತ್ತುತ್ತಾರೆ, ಬೇಗ ಇಟ್ಟುಬಿಡಬೇಡಿ. ಮಡಿಯ ಮಾತು, ಕ್ಷಮೆಯ ಮಾತು ಯಾವುದೂ ಬೇಡ ಮಾವಾ, ಬುಧವಾರದೊಳಗೆ ನಿಮ್ಮ ದನಿ ಕೇಳಿಸಿದರೆ ಸಾಕು.