ಬೇಕಂತಲೇ ಬರೆದ ತಪ್ಪು

ಪರಮ ವೈರಿ ‘ಗುದ್ದಲಿ’ಯವರಿಗೆ,

ಒಂದು ತಿಂಗಳಿಂದ ನಮ್ಮ ಆನ್‌ಲೈನ್ ಚರ್ಚಾತಾಣದಲ್ಲಿ ಆ ಹೆಸರಿನ ನಿಮ್ಮ ಸುಳಿವೇ ಇರಲಿಲ್ಲ. ನಾನು ಏನೇ ಬರೆದರೂ ಬಾಯಿ ಹಾಕದೆ ಬಿಟ್ಟವರಲ್ಲ ನೀವು. ನಿಮ್ಮನ್ನು ಹೊರಗೆಳೆಯಲು ಬೇರೆ ದಾರಿ ಕಾಣದೆ, ‘ಉಚಿತ ಸಾಫ್ಟ್‌ವೇರಿಗೆ ಯಾವ ಕಾನೂನೂ ಇಲ್ಲ’ ಅಂತ ಬೇಕಂತಲೇ ತಪ್ಪು ಬರೆದೆ. ಉಳಿದವರೆಲ್ಲ ಭೇಷ್ ಅಂದರು. ನೀವು ಮಾತ್ರ ಬರಲಿಲ್ಲ. ದಿನಕ್ಕೆ ಹತ್ತು ಸಲ ತಾಣ ತೆರೆದು ನೋಡಿದೆ.

ಇವತ್ತು ನಿಮ್ಮ ಉತ್ತರ ಬಂತು: “ಮೂರ್ಖ, ಮೊದಲು ಲೈಸೆನ್ಸ್ ಓದು, ಉಚಿತ ಸಾಫ್ಟ್‌ವೇರಿಗೂ ಷರತ್ತುಗಳಿವೆ. ನನ್ನ ಕೈಗೆ ಆಪರೇಷನ್ ಆಗಿದೆ, ಒಂದೇ ಕೈಯಲ್ಲಿ ಟೈಪ್ ಮಾಡ್ತಿದ್ದೀನಿ.”

ಕುಣಿದಾಡಿಬಿಟ್ಟೆ. “ಬೈಸಿಕೊಂಡು ಇಷ್ಟು ಖುಷಿಪಡೋರನ್ನ ನಾನೆಲ್ಲೂ ನೋಡಿಲ್ಲ,” ಅಂದಳು ಹೆಂಡತಿ.

ದಯವಿಟ್ಟು ನಿಮ್ಮ ಮನೆಯವರ ಫೋನ್ ನಂಬರ್ ಕಳಿಸಿ. ವಾದಕ್ಕಲ್ಲ, ನೀವು ಹೇಗಿದ್ದೀರಿ ಅಂತ ಕೇಳೋಕೆ. ಇನ್ನೊಂದು ಕೈ ಸರಿಹೋಗುವ ತನಕ ನಾನು ಸರಿಯಾಗಿಯೇ ಬರೆಯುತ್ತೇನೆ. ನೀವು ನಿದ್ದೆ ಮಾಡಿ.

ಇತಿ,
ನಿಮ್ಮ ಮೂರ್ಖ