ಚೆಂಡಿಗೆ ಕುಂಕುಮ

ಪೀಣ್ಯ, ೯ ಜೂನ್ ೧೯೭೮, ಶುಕ್ರವಾರ

ಸಂಜೆ ವರಾಂಡದಲ್ಲಿ ಮತ್ತೆ ಫುಟ್‌ಬಾಲ್ ಸಭೆ. ಕಾರ್ಖಾನೆಯ ತಂಡ ಈ ಸಲ ಲೀಗಿನ ಮೇಲಿನ ಡಿವಿಷನ್ನಿಗೆ ಏರಿದೆಯಲ್ಲ, ಕಾರ್ಯದರ್ಶಿಯಾದ ನಮ್ಮ ಯಜಮಾನರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಚೆಂಡನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ಅದನ್ನು ಒಮ್ಮೆಯೂ ಒದ್ದು ನೋಡದ ದೊಡ್ಡ ಮನುಷ್ಯರೆಲ್ಲ ಕೈ ಮುಗಿದರು.

ಆಮೇಲೆ ಕಲ್ಕತ್ತೆಯಿಂದ ತರಿಸುತ್ತಿರುವ ಆಟಗಾರನ ಗುಣಗಾನ. ಅವನ ಆಟವನ್ನು ಯಾರೂ ನೋಡಿಲ್ಲ, ಫೋಟೋದಲ್ಲಿ ಎತ್ತರವಾಗಿದ್ದಾನೆ. ಕಾಯಂ ನೌಕರಿ ಅವನಿಗಂತೆ. ತಂಡವನ್ನು ಮೇಲೇರಿಸಿದರೆ ಕಾಯಂ ಮಾಡುತ್ತೇವೆಂದು ಇವರು ಮಾತು ಕೊಟ್ಟಿದ್ದು ಲಗ್ಗೆರೆಯ ಆವಲಪ್ಪನಿಗೆ. ಗೋಲು ಹೊಡೆದು ಮೇಲೇರಿಸಿದವನೂ ಅವನೇ.

"ಸಾರ್, ನನ್ನ ಕೆಲ್ಸದ ವಿಷ್ಯ?" ಎಂದು ಅವನು ಮೆಟ್ಟಿಲ ಕೆಳಗೆ ನಿಂತೇ ಕೇಳಿದ.

"ಮುಂದಿನ ಸೀಸನ್ ನೋಡೋಣ ಕಣಯ್ಯ. ದೊಡ್ಡ ಲೀಗಿಗೆ ಪರ್ಸನಾಲಿಟಿ ಬೇಕು. ನಾಳೆ ಮೈದಾನದಲ್ಲಿ ತೆಂಗಿನಕಾಯಿ ನೀನೇ ಒಡಿ" ಎಂದರು ಇವರು, ವರ ಕೊಟ್ಟವರಂತೆ.

ಎಷ್ಟೊಂದು ಕವಿತೆ ಓದಿದ್ದೇನೆ, ಇವರ ಆ ಮುಖಕ್ಕೊಂದು ಉಪಮೆ ಹುಡುಕಿದೆ. ಅಸಹ್ಯ ಎಂಬ ಬರಿಯ ಪದವೇ ಸಾಕೆನಿಸಿತು.

ಲೋಟ ತೊಳೆಯುತ್ತಿದ್ದಾಗ ಆವಲಪ್ಪ ಹಿತ್ತಲ ಬಾಗಿಲಿಗೆ ಬಂದ. "ಅಮ್ಮಾ, ರೋಡಿನಾಚೆ ಬೇರಿಂಗ್ ಫ್ಯಾಕ್ಟ್ರಿಯೋರು ಅವ್ರ ಟೀಮಿಗೆ ಕರೀತಾವ್ರೆ. ಕಾಯಂ ಕೆಲ್ಸ. ಅಲ್ಲಿಗೋದ್ರೆ ಸಾರ್ಗೆ ಮೋಸ ಮಾಡ್ದಂಗಾಯ್ತದಾ?"

"ಮೋಸ ಯಾರು ಮಾಡಿದ್ರು ಅಂತ ನೀನೇ ನೋಡ್ದೆಯಲ್ಲಪ್ಪ. ಬೆಳಿಗ್ಗೆನೇ ಹೋಗಿ ಸೈನ್ ಹಾಕು" ಎಂದೆ.

ಇವರು ಗೊರಕೆ ಹೊಡೆಯುತ್ತಿದ್ದಾರೆ. ಮೊದಲ ಪಂದ್ಯ ಆ ಬೇರಿಂಗಿನವರ ಮೇಲೆಯೇ. ನೋಡಲು ನಾನೂ ಬರುತ್ತೇನೆಂದು ಊಟದ ಹೊತ್ತಿಗೆ ಹೇಳಿದ್ದಕ್ಕೆ ಎಷ್ಟು ಸಂತೋಷಪಟ್ಟರು, ಪಾಪ.