ಬ್ಯಾಗಿನಲ್ಲಿ ಇಡದ ಟೊಪ್ಪಿಗೆ

ವೈನಿ,

ನೀವೂ ಅಣ್ಣನೂ ಇನ್ನೂ ಮಲಗಿದ್ದಿರಿ. ಸದ್ದು ಮಾಡದೆ ಎಲ್ಲರ ಬಟ್ಟೆ ಮಡಚಿ ಅಂಡಮಾನದ ಬ್ಯಾಗಿಗೆ ತುಂಬಿದ್ದೇನೆ. ನನ್ನವು ಇಟ್ಟಿಲ್ಲ.

ಶೇಂಗಾ ಚಟ್ನಿಯ ಡಬ್ಬಿ ಮೇಲೆಯೇ ಇದೆ. ಅಲ್ಲಿ ಐದೂವರೆಗೇ ಹೊತ್ತು ಮುಳುಗುತ್ತದಂತೆ, ಕತ್ತಲಾದ ಮೇಲೆ ಉಣ್ಣುವಂತಿಲ್ಲವಲ್ಲ, ಅದಕ್ಕೂ ಮೊದಲೇ ನಮ್ಮ ಪುಟ್ಟ ಪಿಂಕಿಗೆ ಉಣ್ಣಿಸಿರಿ. ಅಣ್ಣನಿಗೂ ನೆನಪು ಮಾಡಿರಿ.

ಚಾತುರ್ಮಾಸದ ಮೊದಲ ದಿನ ಬಸದಿಯಲ್ಲಿ ಮುನಿ ಮಹಾರಾಜರು, ದೀಪಾವಳಿಯವರೆಗೆ ತಾಲೂಕು ದಾಟದ ನಿಯಮ ತೆಗೆದುಕೊಳ್ಳುವವರು ಏಳಿರಿ ಎಂದರು. ನಮ್ಮ ಸಾಲಿನವರೆಲ್ಲ ಎದ್ದರು. ಒಬ್ಬಳೇ ಕೂತಿರಲು ನಾಚಿಕೆಯಾಗಿ ನಾನೂ ಎದ್ದು ಕೈ ಮುಗಿದೆ. ಮರುವಾರವೇ ಅಣ್ಣ ಟಿಕೆಟ್ ತಂದು, "ಕಾಜಲ, ಸಮುದ್ರದ ತೆರಿ ನೋಡಿ ಚೀರಬ್ಯಾಡ ಮತ್ತ!" ಎಂದು ನಕ್ಕ. ನಿಯಮದ ಸುದ್ದಿ ಬಚ್ಚಿಟ್ಟು ನಾನೂ ನಕ್ಕೆ.

ಮಹಾರಾಜರು ನಿಯಮ ಬಿಡಿಸುತ್ತಾರೆಂಬ ಆಸೆ ಇಲ್ಲ. ಆದರೂ ಬಿಡಿಸುತ್ತೀರಾ ಎಂದು ಒಂದು ಮಾತು ಕೇಳಬೇಕು, ನಾಚಿಕೆಗೆ ಅದು ನನ್ನಿಂದ ಆಗುವುದಿಲ್ಲ.

ಇದನ್ನೇ ಬೇಡಿ ಸೋಮವಾರ ನಿಮಗೆ ಬರೆದಿಟ್ಟ ಚೀಟಿ ಚಹಾ ಡಬ್ಬಿಯ ಕೆಳಗೆ ನಿಮ್ಮ ಕಣ್ಣಿಗೆ ಬೀಳದೆ ಹಾಗೆಯೇ ಇದೆ. ಅದಕ್ಕೇ ಇದನ್ನು ನೀವು ಸಮುದ್ರಕ್ಕೆಂದು ನನಗೆ ತಂದ ಟೊಪ್ಪಿಗೆಯೊಳಗೆ ಇಡುತ್ತಿದ್ದೇನೆ. ನಾನು ಬಸದಿಯ ಅಡುಗೆಗೆ ಹೊರಟೆ, ಮಧ್ಯಾಹ್ನದ ತನಕ ಅಲ್ಲೇ ಇರುತ್ತೇನೆ. ನಾಳೆ ಮಿರಜಿನಿಂದ ರೈಲು.

ಇವತ್ತಾದರೂ ಬಂದು ನನ್ನ ಪರವಾಗಿ ಮಹಾರಾಜರನ್ನು ಕೇಳ್ರಿ.

ಕಾಜಲ